ಗಣಿದಾರಿಯ ನಲವತ್ತೊಂದು ಮೆಟ್ಟಿಲು

"ಮೂವತ್ತೊಂಬತ್ತು, ನಲವತ್ತು... ನಲವತ್ತೊಂದು."

ಸಾರ್ಜೆಂಟ್ ಮೆಲೆರಿ ಪ್ರೋಬರ್ಟ್ ಕೊನೆಯ ಮೆಟ್ಟಿಲ ಮೇಲೆ ನಿಂತು ಮೊಣಕಾಲು ಹಿಡಿದುಕೊಂಡಳು. ಕೈಗಡಿಯಾರ ನೋಡಿದಳು. ಬೆಟ್ಟದ ಬುಡದ ಗೇಟಿನಿಂದ ಇಲ್ಲಿಗೆ ಮೂವತ್ತೆರಡು ನಿಮಿಷ.

ಹಿಂದೆ ಬರುತ್ತಿದ್ದ ಟೆಕ್ವಿನ್ ಬೆಬ್ ಎರಡು ಮೆಟ್ಟಿಲು ಕೆಳಗೇ ನಿಂತ. ವಯಸ್ಸು ಅರವತ್ತೊಂದಾದರೂ ಉಸಿರು ಒಂದಿಷ್ಟೂ ಏರಿರಲಿಲ್ಲ. ಇಪ್ಪತ್ತು ವರ್ಷದಿಂದ ಊರಿನ ಬೆಟ್ಟರಕ್ಷಣಾ ತಂಡದ ಮುಖ್ಯಸ್ಥ. ಮಂಜಿನಲ್ಲಿ ದಾರಿ ತಪ್ಪಿದವರನ್ನು, ಕಾಲು ಮುರಿದುಕೊಂಡವರನ್ನು ಹೊತ್ತು ಇಳಿಸಿದವನು. ಹದಿನೇಳು ದಿನದ ಹಿಂದೆ ಸ್ವಂತ ತಂಗಿಯ ಮಗಳು ನೆಸ್ತಾಳ ಹೆಣವನ್ನೂ ಅವನೇ ಹೊತ್ತು ಇಳಿಸಿದ್ದ.

"ಏನು ಎಣಿಸ್ತಾ ಬಂದೆ?"

"ಮೆಟ್ಟಿಲು."

"ನನ್ನ ಕೇಳಿದ್ರೆ ಕೆಳಗೇ ಹೇಳ್ತಿದ್ದೆನಲ್ಲ. ನಲವತ್ತೊಂದು. ನಮ್ಮಪ್ಪ ಕೂರಿಸಿದ ಕಲ್ಲುಗಳು ಇವು."

"ನಿಮ್ಮ ಬಾಯಲ್ಲೇ ಬರಲಿ ಅಂತ ಕಾಯ್ತಿದ್ದೆ, ಟೆಕ್ವಿನ್."

ಅವನು ತಲೆ ಎತ್ತಿ ನೋಡಿದ. ಮೆಲೆರಿ ರಾಟೆಮನೆಯ ಕಡೆ ಹೆಜ್ಜೆ ಹಾಕಿದಳು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಲ್ಲು ತುಂಬಿದ ಬಂಡಿಗಳನ್ನು ಏರಿಸಿ ಇಳಿಸುತ್ತಿದ್ದ ರಾಟೆ ಅಲ್ಲಿತ್ತು. ಈಗ ಉಳಿದಿರುವುದು ಮೂರು ಗೋಡೆ, ಹಗ್ಗ ಸುತ್ತುತ್ತಿದ್ದ ಒಂದು ತುಕ್ಕು ಹಿಡಿದ ಕಬ್ಬಿಣದ ಉರುಳೆ.

ನೆಸ್ತಾ ಸತ್ತದ್ದು ಅಕ್ಟೋಬರ್ ಎಂಟರ ಶನಿವಾರ. ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಬೆಟ್ಟದ ಪೂರ್ವದಲ್ಲಿ, ಏಣುದಾರಿಯ ಕೆಳಗಿರುವ ಕರಿಗೋಡೆ ಎಂಬ ಕಡಿದಾದ ಬಂಡೆಯ ಬುಡದಲ್ಲಿ. ಏಣುದಾರಿಯಲ್ಲಿ ಹತ್ತುವಾಗ ಕಾಲು ಜಾರಿದೆ ಎಂದು ಊರೆಲ್ಲ ನಂಬಿತ್ತು. ಬರುವ ಶುಕ್ರವಾರ ಮರಣ ವಿಚಾರಣೆಯಲ್ಲಿ ಅದನ್ನೇ ಬರೆದು ಮುಗಿಸುವವರಿದ್ದರು. ಮೆಲೆರಿಯ ಕೈಯಲ್ಲಿ ಎರಡು ದಿನ ಉಳಿದಿತ್ತು.

ಮೊಯೆಲ್ ಗರನ್ ಬೆಟ್ಟ ಹತ್ತಲು ಇರುವುದು ಮೂರು ದಾರಿ. ಮೂರಕ್ಕೂ ಬೇರೆ ಬೇರೆ ಜನ.

ಏಣುದಾರಿ ಹರೆಯದವರದು. ಎರಡೂ ಕಡೆ ಪ್ರಪಾತ, ನಡುವೆ ಗರಗಸದ ಹಲ್ಲಿನಂಥ ಬಿಳಿ ಬಂಡೆಗಳು. ತುದಿ ಮುಟ್ಟಲು ಮೂರು ಗಂಟೆ ಬೇಕು. ಇಳಿದ ಮೇಲೆ ಹೇಳಿಕೊಳ್ಳಲು ಒಂದು ವಾರ ಬೇಕು. ಕುರಿದಾರಿ ಪಶ್ಚಿಮದಲ್ಲಿದೆ. ಉದ್ದ, ಒದ್ದೆ, ಮೊಣಕಾಲವರೆಗೆ ಜೌಗು. ಆದರೆ ಎಂಟು ವರ್ಷದ ಮಗು ಎಂಬತ್ತರ ಅಜ್ಜಿಯ ಕೈ ಹಿಡಿದು ಮೂರೂವರೆ ಗಂಟೆಯಲ್ಲಿ ಹತ್ತಿಬಿಡಬಹುದು. ಎರಡರ ನಡುವಿನದು ಗಣಿದಾರಿ. ಎಲ್ಲಕ್ಕಿಂತ ಹತ್ತಿರ, ಎರಡು ಗಂಟೆ ಇಪ್ಪತ್ತು ನಿಮಿಷ. ನೋಡಲು ಕುರೂಪಿ. ಸತ್ತ ಗಣಿಯ ಹೊಟ್ಟೆಯ ಮೂಲಕವೇ ಏರುವ ಆ ದಾರಿಯ ಎರಡೂ ಬದಿ ನೇರಳೆ ಸ್ಲೇಟಿನ ಚೂರಿನ ಗುಡ್ಡೆಗಳು. ಮಳೆ ಬಂದಾಗಲೆಲ್ಲ ಒಂದಿಷ್ಟು ಕೆಳಗೆ ಸರಿಯುತ್ತವೆ. ಪರವೂರಿನವರು ಅದನ್ನು ಹತ್ತುವುದಿಲ್ಲ. ಊರಿನವರಿಗೆ ಅದು ಅಪ್ಪ, ಅಜ್ಜಂದಿರು ದಿನಾ ಕೆಲಸಕ್ಕೆ ಹೋದ ದಾರಿ.

ಮೂರರಲ್ಲಿ ಒಂದನ್ನಷ್ಟೇ ದುರಸ್ತಿ ಮಾಡುತ್ತೇವೆ, ಉಳಿದ ಎರಡಕ್ಕೆ ಬೇಲಿ ಹಾಕುತ್ತೇವೆ ಎಂದು ಆ ವರ್ಷ ಮೇಲಿನಿಂದ ಆದೇಶ ಬಂದಿತ್ತು. ಯಾವುದು ಉಳಿಯಬೇಕೆಂದು ಊರೇ ಹೋಲಿಸಿ ವರದಿ ಕೊಡಬೇಕು. ಊರಿನ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಇಪ್ಪತ್ತಾರರ ನೆಸ್ತಾ ಆ ಕೆಲಸ ವಹಿಸಿಕೊಂಡಳು. ಬೇಸಿಗೆಯಿಡೀ ಕೆಂಪು ರಟ್ಟಿನ ನೋಟ್‌ಪುಸ್ತಕ ಹಿಡಿದು ಮೂರೂ ದಾರಿ ಹತ್ತಿ ಇಳಿದಳು. ಎಷ್ಟು ಹೊತ್ತು, ಎಲ್ಲಿ ನೀರು, ಎಲ್ಲಿ ನೆರಳು, ಎಲ್ಲಿ ಕಾಲು ಜಾರುತ್ತದೆ, ಎಲ್ಲವನ್ನೂ ಬರೆದಳು.

ಅದೇ ದಾರಿಗಳನ್ನು ಮೆಲೆರಿ ಮೂರು ದಿನದಿಂದ ಹತ್ತುತ್ತಿದ್ದಳು.

ಸೋಮವಾರ ಏಣುದಾರಿ. ಅಲ್ಲಿ ಅವಳ ಬೂಟಿನ ಅಡಿಯಲ್ಲೆಲ್ಲ ಬಿಳಿ ಗೀರುಗಳು ಬಿದ್ದವು. ನೆಸ್ತಾಳ ಬೂಟುಗಳಲ್ಲಿ ಒಂದು ಬಿಳಿ ಗೀರೂ ಇರಲಿಲ್ಲ. ಅಡಿಯ ಸಂದುಗಳಲ್ಲಿ ನೇರಳೆ ಚೂರುಗಳು ಹುದುಗಿದ್ದವು.

ಮಂಗಳವಾರ ಕುರಿದಾರಿ. ಇಳಿದು ಬಂದಾಗ ಬುಡದ ಚಹಾ ಅಂಗಡಿಯಲ್ಲಿ ಇದ್ವಲ್ ಕಾಯುತ್ತಿದ್ದ. ದಪ್ಪನೆಯ, ಕೆಂಪು ಮುಖದ ಮನುಷ್ಯ. ಆ ದಾರಿ ಮುಚ್ಚಿದರೆ ಅವನ ಅಂಗಡಿಗೆ ಬರುವವರೇ ಇಲ್ಲ.

"ನನ್ನ ಮೇಲೆ ಅನುಮಾನ ಇದ್ರೆ ಚಹಾ ಆರೋಕೆ ಮುಂಚೆ ಕೇಳಿಬಿಡು," ಅಂದಿದ್ದ.

"ನೆಸ್ತಾ ಜೊತೆ ಜಗಳ ಆಡಿದ್ರಂತೆ?"

"ಆಡಿದೆ. ಕುರಿಗಳಿಗೂ ಬೇಜಾರು ಬರೋ ದಾರಿ ಅಂತ ಬರೆದಿದ್ಲು, ಸಿಟ್ಟು ಬರಲ್ವಾ? ಅಂಗಡಿ ಮುಂದೆ ನಿಂತು ಕೂಗಾಡಿದೆ. ಮಾರನೇ ದಿನ ಬಂದು ಎರಡು ತುಂಡು ದ್ರಾಕ್ಷಿ ಬ್ರೆಡ್ಡು ತಿಂದು, ಆ ಸಾಲು ಹೊಡೆದು ಹಾಕಿದೀನಿ ಅಂತ ಹೇಳಿ ಹೋದ್ಲು." ಅವನು ಒರೆಸಿದ ಮೇಜನ್ನೇ ಮತ್ತೆ ಒರೆಸಿದ. "ಅಂಥ ಹುಡುಗಿ ಅದು."

"ಎಂಟನೇ ತಾರೀಕು ಎಲ್ಲಿದ್ರಿ?"

"ಇಲ್ಲೇ. ಮಂಜು ಕವಿದಿತ್ತು, ಒಬ್ಬ ಗಿರಾಕಿನೂ ಬರ್ಲಿಲ್ಲ. ಹಾಗಾಗಿ ನನ್ನ ನೋಡಿದೋರೂ ಯಾರೂ ಇಲ್ಲ. ಬರ್ಕೋ."

ಮೆಲೆರಿ ಬರೆದುಕೊಂಡಿದ್ದಳು.

ಈ ದಿನ ಬುಧವಾರ, ಗಣಿದಾರಿ. ಇದೊಂದಕ್ಕೆ ಮಾತ್ರ ಅವಳು ಜೊತೆ ಬೇಕೆಂದು ಟೆಕ್ವಿನ್‌ನನ್ನು ಕರೆದಿದ್ದಳು.

ರಾಟೆಮನೆಯ ಗೋಡೆಗೆ ಒರಗಿ ಅವಳು ಕೋಟಿನ ಒಳಜೇಬಿನಿಂದ ಕೆಂಪು ರಟ್ಟಿನ ಪುಸ್ತಕ ತೆಗೆದಳು. ಅದನ್ನು ನೋಡಿದ್ದೇ ಟೆಕ್ವಿನ್ ಮುಖ ತಿರುಗಿಸಿ ಕೆಳಗಿನ ಕೆರೆಯ ಕಡೆ ನೋಡತೊಡಗಿದ.

"ಇದನ್ನ ನಮಗೆ ಕೊಟ್ಟೋರು ನೀವೇ. ಹೆಣದ ಜೇಬಲ್ಲಿ ಸಿಕ್ತು ಅಂತ."

"ಹೌದು."

"ಪ್ರತಿ ಪುಟದ ಮೇಲೆ ದಾರಿ ಹೆಸರು ಬರೀತಿದ್ಲು. ಕೊನೇ ಪುಟದಲ್ಲಿ ಆ ಸಾಲೇ ಇಲ್ಲ. ಮೇಲಿನ ಅಂಚು ಹರಿದಿದೆ."

"ಬಿದ್ದಾಗ ಹರಿದಿರಬೇಕು."

"ಬರೀ ಒಂದು ಸಾಲು, ಅಷ್ಟು ನೇರವಾಗಿ?"

ಮೆಲೆರಿ ಪುಟ ಬಿಡಿಸಿ ಓದಿದಳು.

"ಎಂಟು ಐವತ್ತು, ಹೊರಟಿದ್ದು. ಆಮೇಲೆ ಇದು: 'ನಲವತ್ತೊಂದು ಮೆಟ್ಟಿಲು. ಎರಡು ಸಲ ಕೂರಬೇಕು.' ಒಂಬತ್ತು ನಲವತ್ತು. ಟೆಕ್ವಿನ್, ಏಣುದಾರೀಲಿ ಮೆಟ್ಟಿಲೇ ಇಲ್ಲ. ಕುರಿದಾರೀಲೂ ಇಲ್ಲ. ನಿಮ್ಮ ಸೋದರಸೊಸೆ ಆ ಶನಿವಾರ ಹತ್ತಿದ್ದು ಈ ದಾರಿ."

"ಬೇರೆ ದಿನದ್ದಿರಬಹುದು."

"ತಾರೀಕು ಕೆಳಗೆ ಹಾಕಿದಾಳೆ. ಹರಿದೋರು ಕೆಳಗೆ ನೋಡ್ಲಿಲ್ಲ."

ಕೆರೆಯ ಕಡೆಯಿಂದ ಗಾಳಿ ಬಂತು. ಮೇಲಿನ ಗುಡ್ಡೆಯಲ್ಲೆಲ್ಲೋ ಒಂದು ಸ್ಲೇಟಿನ ಚೂರು ಸರಿದು, ಬಟ್ಟಲು ಒಡೆದಂತೆ ಸದ್ದಾಯಿತು.

"ಇನ್ನೊಂದಿದೆ," ಅಂದಳು ಮೆಲೆರಿ. "ಸೆಪ್ಟೆಂಬರಲ್ಲಿ ಇದೇ ದಾರಿ ಒಬ್ಬಳೇ ಹತ್ತಿದಾಳೆ. ಗೇಟಿನಿಂದ ರಾಟೆಮನೆಗೆ ಇಪ್ಪತ್ತೆರಡು ನಿಮಿಷ. ನಂಗೆ ಇವತ್ತು, ಈ ಮೈ ಹೊತ್ಕೊಂಡು, ಮೂವತ್ತೆರಡಾಯ್ತು. ಆ ಶನಿವಾರ ಅವಳಿಗೆ ಐವತ್ತಾಗಿದೆ. ಮೊಲದ ಹಾಗೆ ಹತ್ತೋ ಹುಡುಗಿ ನಲವತ್ತೊಂದು ಮೆಟ್ಟಿಲಿಗೆ ಎರಡು ಸಲ ಯಾಕೆ ಕೂತ್ಲು?"

ಟೆಕ್ವಿನ್ ಬೂಟಿನ ತುದಿಯಿಂದ ಸ್ಲೇಟಿನ ಚೂರೊಂದನ್ನು ಅತ್ತ ಸರಿಸಿದ.

"ಅವಳು ಕೂರಲಿಲ್ಲ. ಕೂರಿಸಿದ್ಲು. ಜೊತೇಲಿ ಯಾರೋ ಇದ್ರು. ಮಂಡಿನೋವಿನೋರು."

"ನಾನಿದ್ದೆ," ಅಂದ ಟೆಕ್ವಿನ್.

"ನೀವಾ? ಈಗ ತಾನೇ ನನ್ನ ಹಿಂದೆ ಸಿಳ್ಳೆ ಹಾಕ್ಕೊಂಡು ಹತ್ತಿ ಬಂದ್ರಿ."

"ನಾನೇ ಅಂತ ಬರ್ಕೋ, ಮೆಲೆರಿ." ಅವನ ಧ್ವನಿ ಒಮ್ಮೆಲೇ ಒರಟಾಯಿತು. "ನಾನೇ ಕರ್ಕೊಂಡು ಹೋದೆ. ಗುಡ್ಡೆ ಸರಿಯುತ್ತೆ ಅಂತ ಗೊತ್ತಿದ್ದೂ ಕರ್ಕೊಂಡು ಹೋದೆ. ಬಿದ್ಲು. ನನ್ನ ತಪ್ಪು ಹೊರಗೆ ಬರಬಾರದು ಅಂತ ಆ ಕಡೆ ಸಾಗಿಸಿದೆ. ಸಾಕಾ? ಶುಕ್ರವಾರ ಅದನ್ನೇ ಹೇಳ್ತೀನಿ."

"ಹೇಗೆ ಸಾಗಿಸಿದ್ರಿ?"

ಇದಕ್ಕೆ ಮಾತ್ರ ಅವನು ತಡವರಿಸಲಿಲ್ಲ. ಗಣಿಯನ್ನು ದೊಡ್ಡ ದೊಡ್ಡ ಹಂತಗಳಾಗಿ ಕಡಿದಿದ್ದರು. ಮೂರನೆಯ ಹಂತದ ಬುಡದಿಂದ ಹಳೆಯ ಬಂಡಿದಾರಿಯೊಂದು ಬೆಟ್ಟದ ಸೊಂಟ ಸುತ್ತಿ ಕರಿಗೋಡೆಯವರೆಗೆ ಹೋಗುತ್ತದೆ. ಹಳಿಗಳನ್ನು ಎಂದೋ ಕಿತ್ತಿದ್ದಾರೆ, ನೆಲ ಸಮತಟ್ಟಾಗಿದೆ. ಕರಿಗೋಡೆಯ ಬಳಿ ರಕ್ಷಣಾ ತಂಡದ ಪೆಟ್ಟಿಗೆಯಲ್ಲಿ ಒಂದು ಗಾಲಿಯ ಸ್ಟ್ರೆಚರ್ ಇರುತ್ತದೆ. ಅದನ್ನು ತಂದು, ಹೊದಿಸಿ, ತಳ್ಳಿಕೊಂಡು ಹೋದೆ ಅಂದ. ಇಪ್ಪತ್ತೈದು ನಿಮಿಷ. ಹಾಲಿನಂಥ ಮಂಜು. ಯಾರೂ ಎದುರಾಗಲಿಲ್ಲ. ಅವಳ ಜೇಬಿನ ಕೀಲಿ ತೆಗೆದು, ಗಣಿಯ ಗೇಟಿನಲ್ಲಿದ್ದ ಕಾರನ್ನು ಏಣುದಾರಿಯ ಬುಡಕ್ಕೆ ಬಿಟ್ಟು ಬಂದೆ ಅಂದ.

"ಮಾರನೇ ಬೆಳಿಗ್ಗೆ ಹುಡುಕೋ ನಾಟಕ ಆಡಿದೆ," ಅಂದ. "ಎಲ್ಲಿದ್ದಾಳೆ ಅಂತ ಗೊತ್ತಿದ್ದೂ ಹದಿನಾಲ್ಕು ಜನರನ್ನ ಬೇರೆ ಕಡೆ ಕಳಿಸಿದೆ. ನಾನೇ ಹೋಗಿ ಪಕ್ಕದಲ್ಲಿ ಹತ್ತು ನಿಮಿಷ ಕೂತಿದ್ದೆ. ಆಮೇಲೆ ಸೀಟಿ ಊದಿದೆ."

ಅಷ್ಟು ಹೇಳಿ ಅವನು ಕಬ್ಬಿಣದ ಉರುಳೆಯ ಮೇಲೆ ಕೂತ. ಎರಡೂ ಅಂಗೈ ಮೊಣಕಾಲ ಮೇಲೆ ಮಗುಚಿ ಇಟ್ಟುಕೊಂಡು ಅವನ್ನೇ ನೋಡಿದ.

ಮೆಲೆರಿಗೆ ಅಲ್ಲಿಗೇ ಬಿಟ್ಟುಬಿಡಬೇಕೆನಿಸಿತು. ಆದರೂ ಕೇಳಲೇಬೇಕಿತ್ತು.

"ಹರಿದ ಚೂರು ಎಲ್ಲಿ?"

"ಸುಟ್ಟೆ."

"ಇಲ್ಲ. ಅವಳ ಕೈಬರಹ ಸುಡೋ ಮನುಷ್ಯ ಅಲ್ಲ ನೀವು."

ಅವನು ಪರ್ಸು ತೆಗೆದ. ಅದರ ಒಳಮಡಿಕೆಯಿಂದ ಬೆರಳಗಲದ ಕಾಗದದ ಪಟ್ಟಿಯೊಂದನ್ನು ಎಳೆದು, ಕೊಡಲೋ ಬೇಡವೋ ಎಂಬಂತೆ ಹಿಡಿದುಕೊಂಡ. ಮೆಲೆರಿ ಮೆಲ್ಲಗೆ ಬಿಡಿಸಿಕೊಂಡಳು.

ದುಂಡಗಿನ, ಶಾಲೆಯ ಟೀಚರಿನ ಅಕ್ಷರ. 'ಗಣಿದಾರಿ. ಅಮ್ಮನ ಜೊತೆ.'

"ಡಿಲಿಸ್," ಅಂದಳು ಮೆಲೆರಿ.

"ಅವಳನ್ನ ಬಿಟ್ಟುಬಿಡು." ಟೆಕ್ವಿನ್ ಎದ್ದು ನಿಂತ. "ನಿಂಗೆ ಕೈ ಮುಗೀತೀನಿ, ಮೆಲೆರಿ. ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು. ಅವಳನ್ನ ಬಿಟ್ಟುಬಿಡು."

ಡಿಲಿಸ್ ಟೆಕ್ವಿನ್‌ನ ತಂಗಿ, ನೆಸ್ತಾಳ ತಾಯಿ. ಅವಳ ಗಂಡ ಅರ್ವೆಲ್ ಇದೇ ಗಣಿಯಲ್ಲಿ, ಇದೇ ಅಕ್ಟೋಬರ್ ಎಂಟರಂದು, ಇಪ್ಪತ್ತಮೂರು ವರ್ಷದ ಹಿಂದೆ ಗುಡ್ಡೆ ಕುಸಿದು ಹೂತುಹೋಗಿದ್ದ. ಹನ್ನೊಂದು ದಿನ ಅಗೆದರು. ಸಿಗಲಿಲ್ಲ. ಇನ್ನು ಅಗೆಯುವುದಿಲ್ಲ ಎಂದು ಮನೆಯ ಬಾಗಿಲಿಗೆ ಹೋಗಿ ಹೇಳುವ ಕೆಲಸವನ್ನು ಠಾಣೆಯಲ್ಲಿ ಯಾರೂ ಒಪ್ಪದೆ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳ ತಲೆಗೆ ಕಟ್ಟಿದ್ದರು. ಆ ಹುಡುಗಿ ಮೆಲೆರಿ. ಬಾಗಿಲು ತೆರೆದ ಡಿಲಿಸ್‌ಳ ಸೊಂಟದ ಮೇಲೆ ಮೂರು ವರ್ಷದ ನೆಸ್ತಾ ಕೂತಿದ್ದಳು. ಡಿಲಿಸ್ ಅಳಲಿಲ್ಲ, ಬೈಯಲಿಲ್ಲ. ಒಳಗೆ ಬಾ, ನೆನೆದಿದ್ದೀಯ ಅಂದಳು.

ಆ ಮೇಲೆ ಪ್ರತಿ ಅಕ್ಟೋಬರ್ ಎಂಟಕ್ಕೆ ಅವಳು ಮೂರನೆಯ ಹಂತಕ್ಕೆ ಹತ್ತಿ ಬರುತ್ತಿದ್ದಳು. ಗಂಡನ ಸಮಾಧಿ ಅಂತ ಅವಳಿಗಿದ್ದದ್ದು ಅದೊಂದೇ. ಐದು ವರ್ಷದಿಂದ ಮಂಡಿನೋವು, ಹೋಗಿಲ್ಲ ಎಂದು ಹೇಳುತ್ತಿದ್ದಳು. ಪೊಲೀಸರಿಗೂ ಅದನ್ನೇ ಹೇಳಿದ್ದಳು.

"ಗಣಿದಾರಿಗೆ ಬೇಲಿ ಹಾಕಬೇಕು ಅಂತ ನೆಸ್ತಾ ಬರೆದಿದ್ಲಲ್ಲ," ಅಂದಳು ಮೆಲೆರಿ. "ಪ್ರಾರ್ಥನಾ ಮಂದಿರದ ಮುಂದೆ ತಾಯಿ ಮಗಳಿಗೆ ಮಾತಿಗೆ ಮಾತು ಬೆಳೆದಿತ್ತು. ನಾನೂ ಕೇಳಿದೀನಿ."

"ನಿಮ್ಮಪ್ಪನ ಮೇಲೆ ಬೇಲಿ ಹಾಕ್ತೀಯಾ ಅಂದ್ಲು ಡಿಲಿಸ್. ಎಲ್ಲರೂ ಕೇಳಿದಾರೆ." ಟೆಕ್ವಿನ್ ಕಣ್ಣೊರೆಸಿಕೊಂಡ. "ಆ ದಿನ ಕರಿಗೋಡೆ ಹತ್ರ ನಮ್ಮ ತಂಡದ ಅಭ್ಯಾಸ ಇತ್ತು. ಮುಗಿಸಿ, ಎಲ್ಲರೂ ಇಳಿದು ಹೋದ ಮೇಲೆ, ಅರ್ವೆಲ್‌ಗೊಂದು ನಮಸ್ಕಾರ ಹಾಕಿ ಬರೋಣ ಅಂತ ಬಂಡಿದಾರೀಲಿ ಈ ಕಡೆ ಬಂದೆ. ಮೂರನೇ ಹಂತದ ಕೆಳಗೆ ಹುಡುಗಿ ಬಿದ್ದಿದ್ಲು. ಅರವತ್ತಡಿ. ಮೈ ತಣ್ಣಗಾಗಿತ್ತು. ಅಲ್ಲಿರೋ ಗಣಿಯ ಹಳೇ ಕಬ್ಬಿಣದ ಏಣಿ ಹತ್ತಿ ಮೇಲೆ ನೋಡಿದ್ರೆ ಡಿಲಿಸ್‌ಳ ಫ್ಲಾಸ್ಕು. ಅವಳದೊಂದು ಕೈಗವಸು. ಅಂಚಿನ ಹತ್ರ ಕಾಲು ಎಳೆದಾಡಿದ ಗುರುತು."

"ಅವಳನ್ನ ಕೇಳಿದ್ರಾ?"

"ಏನಂತ ಕೇಳಲಿ?"

ಅದು ಕೂಗಾಗಿ ಹೊರಬಂತು. ಗಣಿಯ ಗೋಡೆಗಳು ಅದನ್ನು ಎರಡು ಸಲ ಮರಳಿಸಿದವು.

"ಮಗಳನ್ನ ತಳ್ಳಿದೆಯಾ ಅಂತ ಕೇಳಲಾ? ಮನೆಗೆ ಹೋದೆ. ಒಲೆ ಮುಂದೆ ಕೂತಿದ್ಲು. ಬೂಟು ಕೂಡ ಬಿಚ್ಚಿರಲಿಲ್ಲ. ಇವತ್ತು ನೀನು ಬೆಟ್ಟಕ್ಕೆ ಹೋಗಿಲ್ಲ, ಯಾರು ಕೇಳಿದ್ರೂ ಹೋಗಿಲ್ಲ ಅಂದೆ. ನನ್ನ ಮುಖ ನೋಡಿದ್ಲು, ಕೈ ನೋಡಿದ್ಲು. ಆಯ್ತು ಅಂದ್ಲು. ಅಷ್ಟೇ. ಅವತ್ತಿಂದ ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಆಡಿಲ್ಲ ನಾವು. ದಿನಾ ಸಂಜೆ ಹೋಗ್ತೀನಿ. ಸೂಪು ಬಡಿಸ್ತಾಳೆ. ಕುಡೀತೀವಿ. ಬರ್ತೀನಿ."

ಮೆಲೆರಿ ಕಾಗದದ ಪಟ್ಟಿಯನ್ನು ಪುಸ್ತಕದೊಳಗೆ, ಹರಿದ ಅಂಚಿಗೆ ಹೊಂದಿಸಿ ಇಟ್ಟಳು. ಎಳೆ ಎಳೆಯೂ ಕೂಡಿತು.

"ಇಳಿಯೋಣ," ಅಂದಳು.

ಇಳಿಯುವಾಗ ಅವಳು ಮೆಟ್ಟಿಲು ಎಣಿಸಲಿಲ್ಲ. ಟೆಕ್ವಿನ್ ಮುಂದೆ ಹೋದ. ಒದ್ದೆ ಕಲ್ಲು ಬಂದ ಕಡೆಯೆಲ್ಲ ಅಭ್ಯಾಸಬಲದಿಂದ ತಿರುಗಿ ಕೈ ಚಾಚಿದ. ಅವಳು ಹಿಡಿದುಕೊಂಡಳು. ಬಂಧಿಸಬೇಕಾದ ಮನುಷ್ಯನ ಕೈ ಹಿಡಿದು ಬೆಟ್ಟ ಇಳಿಯುವುದು ಅವಳ ನೌಕರಿಯಲ್ಲಿ ಇದೇ ಮೊದಲು.

ಗೇಟಿಗೆ ಮುಂಚಿನ ಕೊನೆಯ ತಿರುವಿನಲ್ಲಿ ಟೆಕ್ವಿನ್ ನಿಂತುಬಿಟ್ಟ.

ಕೆಳಗೆ ಗಣಿಯ ಗೇಟಿನ ಬಳಿ ಒಂದು ವ್ಯಾನು ನಿಂತಿತ್ತು, ಇದ್ವಲ್‌ನದು. ಅವನು ಸ್ಟಿಯರಿಂಗ್ ಹಿಂದೆ ಟೋಪಿ ತೆಗೆದು ಕೂತಿದ್ದ. ಗೇಟಿಗೆ ಒರಗಿ, ಬೂಟು ಹಾಕಿಕೊಂಡು, ಕೋಲು ಹಿಡಿದು ಡಿಲಿಸ್ ನಿಂತಿದ್ದಳು. ಐವತ್ತೆಂಟರ ಹೆಂಗಸು ಎಪ್ಪತ್ತರವಳಂತೆ ಕಾಣುತ್ತಿದ್ದಳು.

"ಮನೆಗೆ ಹೋಗು, ಡಿಲಿಸ್!" ಟೆಕ್ವಿನ್ ಅಲ್ಲಿಂದಲೇ ಕೂಗಿದ. "ಇದ್ವಲ್, ಅವಳನ್ನ ವಾಪಸ್ ಕರ್ಕೊಂಡು ಹೋಗೋ!"

"ನಾನೇ ಕರೆಸ್ಕೊಂಡೆ ಅವನನ್ನ," ಅಂದಳು ಡಿಲಿಸ್. "ನೀವಿಬ್ಬರೂ ಗಣಿದಾರಿ ಹತ್ತಿದಿರಿ ಅಂತ ಹೇಳಿದ. ಇನ್ನು ಸುಮ್ಮನೆ ಇದ್ದು ಏನು ಪ್ರಯೋಜನ?"

ಅವರು ಹತ್ತಿರ ಬರುವ ತನಕ ಅವಳು ಕಾದಳು. ಆಮೇಲೆ ಮೆಲೆರಿಯ ಕೈಯಲ್ಲಿದ್ದ ಕೆಂಪು ಪುಸ್ತಕವನ್ನು ನೋಡಿದಳು.

"ನಾನು ಜೊತೇಲಿದ್ದೆ ಮೆಲೆರಿ. ನಿನಗೆ ಸುಳ್ಳು ಹೇಳಿದೆ. ಮೂರೂ ದಾರಿ ಹೋಲಿಸಿದೀನಿ ಅಮ್ಮ, ವಯಸ್ಸಾದೋರು ಹತ್ತೋಕೆ ಎಷ್ಟು ಹೊತ್ತು ಬೇಕು ಅನ್ನೋದು ಒಂದು ಉಳಿದಿದೆ, ನೀನು ಬಾ ಅಂತ ಕರೆದ್ಲು. ಜಗಳಕ್ಕೆ ರಾಜಿ ಮಾಡ್ಕೊಳ್ಳೋ ನೆಪ ಅದು, ಗೊತ್ತು ನಂಗೆ. ಕೂತು ಕೂತು ಹತ್ತಿದೆ. ಮೂರನೇ ಹಂತ ಮುಟ್ಟಿದಾಗ ಹನ್ನೊಂದೂವರೆ ದಾಟಿತ್ತು. ಅವಳ ಅಪ್ಪನ ಹತ್ರ ಕೂತು ಇಬ್ಬರೂ ಚಹಾ ಕುಡಿದ್ವಿ."

"ಬೇಲಿ ವಿಷಯ ಬಂತಾ?" ಮೆಲೆರಿ ಕೇಳಿದಳು.

"ಬೇಲಿ ಬೇಡ ಅಮ್ಮ ಅಂದ್ಲು." ಡಿಲಿಸ್‌ಳ ಮುಖದಲ್ಲಿ ಏನೋ ಒಂದು ಬೆಳಗಿ ಆರಿತು. "ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸಿದ್ರೆ ನೀನು ಇನ್ನೂ ಹತ್ತು ವರ್ಷ ಬರಬಹುದು, ಹಾಗೇ ಬರೀತೀನಿ ಅಂದ್ಲು."

ಟೆಕ್ವಿನ್ ಗೇಟಿನ ಕಂಬ ಹಿಡಿದುಕೊಂಡ.

"ಆಮೇಲೆ?"

"ಏಳುವಾಗ ಅವಳ ಕಾಲು ಹೊರಳಿತು. ಅಂಚಿನ ಹತ್ರ ಒದ್ದಾಡ್ತಾ ಇದ್ದೋಳನ್ನ ಹಿಡಿದು ಎಳ್ಕೊಂಡೆ. ಆ ಎಳೆದಾಟದಲ್ಲಿ ನನ್ನ ಕೈಗವಸು ಎಲ್ಲೋ ಬಿತ್ತು. ಗೋಡೆಗೆ ಒರಗಿಸಿ ಕೂರಿಸಿದೆ. ಪಾದ ಬ್ರೆಡ್ಡಿನ ಹಾಗೆ ಊದ್ಕೊಂಡಿತ್ತು. ನಗ್ತಿದ್ಲು. ನಿನ್ನ ಕೂರಿಸಿ ಕೂರಿಸಿ ಕರ್ಕೊಂಡು ಬಂದೆ, ಈಗ ನಾನೇ ಕೂತೆ ನೋಡು ಅಂತ ನಗ್ತಿದ್ಲು."

ವೈದ್ಯರ ವರದಿಯಲ್ಲಿದ್ದ ಒಂದು ಸಾಲು ಮೆಲೆರಿಗೆ ನೆನಪಾಯಿತು. ಯಾರೂ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. ಬಲಪಾದದ ಊತ ಸಾವಿಗಿಂತ ಗಂಟೆಯಷ್ಟು ಮೊದಲಿನದು. ಡಿಲಿಸ್ ಹೇಳುತ್ತಿರುವುದು ನಿಜ.

"ಅವಳನ್ನ ಒಬ್ಬಳೇ ಬಿಟ್ಟು ಬಂದೆಯಾ?" ಟೆಕ್ವಿನ್‌ನ ಧ್ವನಿ ಗುರುತೇ ಸಿಗದಂತಿತ್ತು. "ಹಂತದ ಮೇಲೆ? ಜೀವಂತ?"

ಡಿಲಿಸ್ ಅಣ್ಣನ ಕಡೆ ತಿರುಗಿದಳು. ಇಷ್ಟು ದಿನದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಒಬ್ಬಳೇ ಬಿಡ್ತೀನಾ? ನೀನು ಬಂದೆಯಲ್ಲ."

"ನಾನಾ?"

"ಮೇಲಿನಿಂದ ಮಂಜಿನಲ್ಲಿ ಯಾರೋ ಇಳಿದು ಬರ್ತಿದ್ರು. ನಂಗೆ ಬರೀ ನೆರಳು ಕಂಡಿದ್ದು. ಅವಳಿಗೆ ಗುರುತು ಸಿಕ್ತು. ಕೈ ಬೀಸಿ, ಮಾಮಾ, ಇಲ್ಲಿ ಬಾ ಅಂತ ಕೂಗಿದ್ಲು. ನೀನು ನಿಧಾನ ಇಳೀತಾ ಇರು ಅಮ್ಮ, ಮಾಮ ನನ್ನ ಹೊತ್ಕೊಂಡು ಬರ್ತಾನೆ ಅಂದ್ಲು. ಇಳಿದೆ. ಮನೆಗೆ ಹೋಗಿ ಇಬ್ಬರಿಗೂ ಅಂತ ಸೂಪು ಇಟ್ಟೆ. ನೀನೊಬ್ಬನೇ ಬಂದೆ. ಕೈಯೆಲ್ಲ ಸ್ಲೇಟಿನ ಧೂಳು. ಯಾರಿಗೂ ಹೇಳಬೇಡ ಅಂದೆ." ಅವಳು ಕೋಲನ್ನು ನೆಲಕ್ಕೆ ಊರಿದಳು. "ಹೊರುವಾಗ ನಿನ್ನ ಕೈ ಜಾರಿರಬೇಕು ಅಂದ್ಕೊಂಡೆ, ಟೆಕ್ವಿನ್. ಮಗಳು ಹೋದ್ಲು, ಅಣ್ಣನೂ ಜೈಲಿಗೆ ಹೋಗೋದು ಬೇಡ ಅಂತ ಬಾಯಿ ಮುಚ್ಕೊಂಡೆ."

ಹದಿನೆಂಟು ಸಂಜೆ ಒಂದೇ ಮೇಜಿನ ಎದುರುಬದುರು ಕೂತು, ಅವಳನ್ನು ಇವನು, ಇವನನ್ನು ಅವಳು ಕಾಪಾಡುತ್ತಿದ್ದರು. ಟೆಕ್ವಿನ್ ಮುಂದೆ ಬಾಗಿ ತಂಗಿಯ ಎರಡೂ ಕೈ ಹಿಡಿದುಕೊಂಡ.

"ಡಿಲಿಸ್, ಒಂದು ಗಂಟೆವರೆಗೂ ನಾನು ಕರಿಗೋಡೆ ಹತ್ರ ಇದ್ದೆ. ಆರು ಜನರ ಜೊತೆ. ಅವರನ್ನ ಕೇಳು. ನಾನು ಬರೋ ಹೊತ್ತಿಗೆ ಅವಳು ಕೆಳಗೆ ಬಿದ್ದು ತಣ್ಣಗಾಗಿದ್ಲು. ಬಂದಿದ್ದೂ ಬಂಡಿದಾರೀಲಿ, ಕೆಳಗಿನಿಂದ. ಮೇಲಿನಿಂದ ನಾನು ಇಳೀಲೇ ಇಲ್ಲ."

ತಂದೆಯಿಲ್ಲದೆ ಈ ಊರಿನ ಮಡಿಲಲ್ಲಿ ಬೆಳೆದ ಹುಡುಗಿ ನೆಸ್ತಾ. ತಂದೆಯ ವಯಸ್ಸಿನ ಗಂಡಸರನ್ನೆಲ್ಲ ಅವಳು ಕರೆಯುತ್ತಿದ್ದದ್ದು ಒಂದೇ ಹೆಸರಿನಿಂದ: ಮಾಮ. ಅದು ಮೆಲೆರಿಗೂ ಗೊತ್ತಿತ್ತು, ಟೆಕ್ವಿನ್‌ಗೂ ಗೊತ್ತಿತ್ತು. ಡಿಲಿಸ್‌ಗೆ ಈಗ ನೆನಪಾಗುತ್ತಿತ್ತು.

ಅವಳು ಅಣ್ಣನ ಹಿಡಿತದಿಂದ ಒಂದು ಕೈ ಬಿಡಿಸಿಕೊಂಡು ಮೆಲೆರಿಯ ತೋಳು ಹಿಡಿದಳು.

"ಹಾಗಾದ್ರೆ ನನ್ನ ಮಗಳನ್ನ ನಾನು ಯಾರ ಹತ್ರ ಬಿಟ್ಟು ಬಂದೆ, ಮೆಲೆರಿ?"